ಮೆಗ್ನೀಷಿಯಂ ಎಲ್ಲಿ ಸೋರುತ್ತಿದೆ?

ಕ್ಯಾಲ್ಸಿಯಂ ಮಾತ್ರೆಗಳ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮೆಗ್ನೀಷಿಯಂ ಬಗ್ಗೆ ಕೇಳಿದವು. ನಿದ್ದೆ ಬಾರದಿದ್ದರೆ, ಕಾಲು ಸೆಳೆದರೆ, ಮನಸ್ಸು ಕುಗ್ಗಿದರೆ, ಕೂದಲು ಉದುರಿದರೆ ಮೆಗ್ನೀಷಿಯಂ ತಗೊಳ್ಳಿ ಎಂದು ಮೊಬೈಲಿನಲ್ಲಿ ಹೇಳುತ್ತಿದ್ದಾರಂತೆ. ಜಿಲ್ಲಾ ಕೇಂದ್ರವೊಂದರಲ್ಲಿ ಫಿಸಿಷಿಯನ್ ಆಗಿ ದಿನವೂ ರೋಗಿಗಳನ್ನು ನೋಡುವ ನನಗೆ ಕಾಣುವ ಚಿತ್ರ ಬೇರೆ. ನಿಜಕ್ಕೂ ಮೆಗ್ನೀಷಿಯಂ ಇಳಿದವರಲ್ಲಿ ಹೆಚ್ಚಿನವರು ಆ ಹೆಸರನ್ನೇ ಕೇಳಿರುವುದಿಲ್ಲ. ಆನ್‌ಲೈನ್‌ನಲ್ಲಿ ಡಬ್ಬಿ ತರಿಸಿಕೊಂಡವರಲ್ಲಿ ಬಹಳ ಮಂದಿಗೆ ಅದು ಬೇಕಿರುವುದಿಲ್ಲ. ಹಾಗಾಗಿ ಈ ಸಂಚಿಕೆಯ ಪುಟವನ್ನೆಲ್ಲ ಇದಕ್ಕೇ ಇಟ್ಟಿದ್ದೇನೆ. ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ, ಬೇಕೆಂದೇ ಉದ್ದ ಮಾಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ತಾಯಿಗೆ 64 ವರ್ಷ. ಶುಗರ್ ಬಂದು ಬಹಳ ಕಾಲವಾಯಿತು, ಬಿಪಿಯೂ ಇದೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಗ್ಯಾಸ್ ಮಾತ್ರೆ ನುಂಗುವುದು ಆರು ವರ್ಷದಿಂದ ರೂಢಿ. ಮೂರು ತಿಂಗಳಿಂದ ಬೆರಳ ತುದಿ, ತುಟಿಯ ಸುತ್ತ ಜೋಮು. ಸುಸ್ತು ಎಂದರೆ ಮಂಚದಿಂದ ಏಳುವುದಕ್ಕೂ ಬೇಸರ. ಮೊನ್ನೆ ಬಿಪಿ ನೋಡಲು ಪಟ್ಟಿ ಕಟ್ಟಿದಾಗ ಕೈ ತಿರುಚಿಕೊಂಡು ಬೆರಳುಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು, ನಾವು ಹೆದರಿಹೋದೆವು. ಪೊಟ್ಯಾಷಿಯಂ ಕಡಿಮೆ ಎಂದು ಸಿರಪ್, ಕ್ಯಾಲ್ಸಿಯಂ ಕಡಿಮೆ ಎಂದು ಮಾತ್ರೆ ಕೊಟ್ಟಿದ್ದರು. ಎರಡೂ ಏರಲೇ ಇಲ್ಲ. ಈಗ ಬೇರೆ ಡಾಕ್ಟರು ಮೆಗ್ನೀಷಿಯಂ ಪರೀಕ್ಷೆ ಮಾಡಿಸಿ 1.1 ಇದೆ ಎಂದಿದ್ದಾರೆ. ಇಷ್ಟು ದಿನ ಇದು ಯಾಕೆ ಗೊತ್ತಾಗಲಿಲ್ಲ? ಮುಂದೆ ಏನು ಮಾಡಬೇಕು?
ಓದುಗಿ, ಹಾಸನ ಜಿಲ್ಲೆ

ಉತ್ತರ: ಅಮ್ಮಾ, ಕೈ ತಿರುಚಿಕೊಂಡದ್ದನ್ನು ನೀವು ಬರೆದ ರೀತಿಯಲ್ಲೇ ರೋಗದ ಅರ್ಧ ಗುರುತು ಇದೆ. ಬಿಪಿ ಪಟ್ಟಿಯನ್ನು ಬಿಗಿಯಾಗಿ ಕೆಲವು ನಿಮಿಷ ಹಾಗೇ ಇಟ್ಟರೆ ಮಣಿಕಟ್ಟು ಒಳಕ್ಕೆ ಬಾಗಿ ಬೆರಳುಗಳು ಒಟ್ಟಾಗಿ ಸೆಟೆದುಕೊಳ್ಳುವುದಕ್ಕೆ 19ನೇ ಶತಮಾನದ ಫ್ರೆಂಚ್ ವೈದ್ಯ ಟ್ರೂಸೋ ಅವರ ಹೆಸರಿದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ನರಗಳು ಕೆರಳಿವೆ ಎಂದು ಅದರ ಅರ್ಥ. ನಿಮ್ಮ ತಾಯಿಯ ವಿಷಯದಲ್ಲಿ ಆ ಕ್ಯಾಲ್ಸಿಯಂ ಇಳಿದದ್ದರ ಹಿಂದೆ ಮೆಗ್ನೀಷಿಯಂ ಇದೆ.

ರಕ್ತದ ಮೆಗ್ನೀಷಿಯಂ ಸಾಮಾನ್ಯವಾಗಿ ಡೆಸಿಲೀಟರಿಗೆ 1.7ರಿಂದ 2.4 ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ, ಲ್ಯಾಬಿನಿಂದ ಲ್ಯಾಬಿಗೆ ತುಸು ಆಚೀಚೆ. 1.1 ಎಂದರೆ ಅಲಕ್ಷ್ಯ ಮಾಡುವಂಥದ್ದಲ್ಲ. ಮೆಗ್ನೀಷಿಯಂ ಇಷ್ಟು ಇಳಿದಾಗ, ಕ್ಯಾಲ್ಸಿಯಂ ಅನ್ನು ಸರಿದೂಗಿಸುವ ಪ್ಯಾರಾಥೈರಾಯ್ಡ್ ಗ್ರಂಥಿ ತನ್ನ ಹಾರ್ಮೋನನ್ನು ಸರಿಯಾಗಿ ಬಿಡುವುದಿಲ್ಲ. ಬಿಟ್ಟ ಅಷ್ಟಿಷ್ಟಕ್ಕೂ ಮೂಳೆ ಓಗೊಡುವುದಿಲ್ಲ. ಇತ್ತ ಮೂತ್ರಪಿಂಡದಲ್ಲಿ ಪೊಟ್ಯಾಷಿಯಂ ಹೊರಹೋಗದಂತೆ ತಡೆಯುವ ಕೆಲಸದಲ್ಲಿ ಮೆಗ್ನೀಷಿಯಂ ಪಾಲು ಇದೆ. ಅದು ಇಲ್ಲವಾದಾಗ ಪೊಟ್ಯಾಷಿಯಂ ಮೂತ್ರದಲ್ಲಿ ಹರಿದುಹೋಗುತ್ತದೆ. ನೀವು ಸಿರಪ್ ಕುಡಿಸಿದ್ದೂ ಮಾತ್ರೆ ನುಂಗಿಸಿದ್ದೂ ತೂತು ಬಿಂದಿಗೆಗೆ ನೀರು ಸುರಿದಂತೆ ಆಗಿದೆ. ತೂತು ಮುಚ್ಚದೆ ಅವೆರಡೂ ನಿಲ್ಲುವುದಿಲ್ಲ.

ಯಾಕೆ ಗೊತ್ತಾಗಲಿಲ್ಲ ಎಂದು ಕೇಳಿದ್ದೀರಿ. ಸುಸ್ತು ಎಂದು ಹೋದವರಿಗೆ ನಾವು ಬರೆದುಕೊಡುವ ಎಲೆಕ್ಟ್ರೋಲೈಟ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸೋಡಿಯಂ, ಪೊಟ್ಯಾಷಿಯಂ, ಕ್ಲೋರೈಡ್ ಮಾತ್ರ ಬರುತ್ತವೆ. ಮೆಗ್ನೀಷಿಯಂ ಬೇಕೆಂದರೆ ಅದನ್ನು ಬೇರೆಯಾಗಿ ಬರೆಯಬೇಕು. ಬರೆಯದಿದ್ದರೆ ಅದು ಕಣ್ಣಿಗೇ ಬೀಳುವುದಿಲ್ಲ. ಪೊಟ್ಯಾಷಿಯಂ ಕೊಟ್ಟರೂ ಏರದಿದ್ದಾಗ ಮೆಗ್ನೀಷಿಯಂ ನೋಡು ಎಂದು ನಮಗೆ ಓದುವಾಗ ಕಲಿಸಿರುತ್ತಾರೆ. ಜನ ತುಂಬಿದ ಒಪಿಡಿಯಲ್ಲಿ ಆ ಪಾಠ ಮರೆಯುವುದು ಸುಲಭ, ಆದರೆ ಮರೆಯಬಾರದು.

ಈಗ ತೂತು ಎಲ್ಲಿದೆ ಎಂದು ಹುಡುಕೋಣ. ನಿಮ್ಮ ಪತ್ರದಲ್ಲೇ ಮೂರು ಕಾಣುತ್ತಿವೆ.

ಮೊದಲನೆಯದು ಗ್ಯಾಸ್ ಮಾತ್ರೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರೇಬಿಪ್ರಜೋಲ್, ಎಸೊಮೆಪ್ರಜೋಲ್, ಹೀಗೆ ಹೆಸರು ಏನಿದ್ದರೂ ಕೊನೆಗೆ ‘ಪ್ರಜೋಲ್’ ಇರುವ ಗುಂಪು. ನಮ್ಮಲ್ಲಿ ಯಾವ ಚೀಟಿ ನೋಡಿದರೂ ಮೊದಲ ಸಾಲಿನಲ್ಲಿ ಅದೇ ಇರುತ್ತದೆ. ಕೆಲವು ವಾರಕ್ಕೆಂದು ಬರೆದದ್ದನ್ನು ಜನ ವರ್ಷಗಟ್ಟಲೆ ಮುಂದುವರಿಸುತ್ತಾರೆ, ಮೆಡಿಕಲ್ ಶಾಪಿನವರು ಕೇಳಿದ ಕೂಡಲೇ ಕೊಡುತ್ತಾರೆ. ಈ ಮಾತ್ರೆಗಳನ್ನು ದೀರ್ಘಕಾಲ, ಹೆಚ್ಚಾಗಿ ಒಂದು ವರ್ಷಕ್ಕಿಂತ ಮೇಲೆ, ನುಂಗುವವರಲ್ಲಿ ಮೆಗ್ನೀಷಿಯಂ ಇಳಿಯಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರ ಮಾರ್ಚ್‌ನಲ್ಲೇ ಎಚ್ಚರಿಕೆ ಕೊಟ್ಟಿತು. ಅದು ಪರಿಶೀಲಿಸಿದ ಪ್ರಕರಣಗಳಲ್ಲಿ ಸುಮಾರು ಕಾಲು ಭಾಗದಲ್ಲಿ ಮೆಗ್ನೀಷಿಯಂ ಕೊಟ್ಟರಷ್ಟೇ ಸಾಲಲಿಲ್ಲ, ಗ್ಯಾಸ್ ಮಾತ್ರೆಯನ್ನೇ ನಿಲ್ಲಿಸಬೇಕಾಯಿತು. ಕರುಳು ಊಟದಿಂದ ಮೆಗ್ನೀಷಿಯಂ ಹೀರಿಕೊಳ್ಳುವುದನ್ನು ಈ ಮಾತ್ರೆ ಕುಗ್ಗಿಸುತ್ತದೆ. ನುಂಗುವ ಎಲ್ಲರಿಗೂ ಹೀಗಾಗುವುದಿಲ್ಲ. ಆಗುವವರಲ್ಲಿ ಮಾತ್ರ ಸದ್ದಿಲ್ಲದೆ ಆಗುತ್ತದೆ.

ಎರಡನೆಯದು ಬಿಪಿ ಮಾತ್ರೆ. ತಾಯಿಯವರ ಸ್ಟ್ರಿಪ್ ಕೈಗೆ ತೆಗೆದುಕೊಂಡು ಹಿಂಬದಿ ಓದಿ. ಹೈಡ್ರೋಕ್ಲೋರೋಥಯಜೈಡ್ ಅಥವಾ ಕ್ಲೋರ್‌ಥಾಲಿಡೋನ್ ಎಂದಿದ್ದರೆ ಅದು ಮೂತ್ರ ಹೆಚ್ಚಿಸುವ ಔಷಧ. ಮಾತ್ರೆಯ ಹೆಸರಿನ ಕೊನೆಯಲ್ಲಿ ‘ಎಚ್’ ಅಥವಾ ‘ಸಿಎಚ್’ ಎಂಬ ಅಕ್ಷರವಿದ್ದರೆ ಸಾಮಾನ್ಯವಾಗಿ ಅದೇ ಸೂಚನೆ. ಹೃದಯದ ತೊಂದರೆಗೆ, ಕಾಲು ಬಾವಿಗೆ ಕೊಡುವ ಫ್ಯೂರೋಸಮೈಡ್, ಟಾರ್ಸಮೈಡ್ ಕೂಡ ಇದೇ ಕೆಲಸ ಮಾಡುತ್ತವೆ. ಇವು ಒಳ್ಳೆಯ ಔಷಧಗಳು, ಜೀವ ಉಳಿಸುತ್ತವೆ. ಆದರೆ ನೀರಿನ ಜೊತೆ ಪೊಟ್ಯಾಷಿಯಂ, ಮೆಗ್ನೀಷಿಯಂ ಕೂಡ ಹೊರಗೆ ಹೋಗುತ್ತವೆ.

ಮೂರನೆಯದು ಹತೋಟಿಯಲ್ಲಿಲ್ಲದ ಶುಗರ್. ಮೂತ್ರದಲ್ಲಿ ಸಕ್ಕರೆ ಹೋಗುವಾಗ ಮೆಗ್ನೀಷಿಯಂ ಅದರ ಹಿಂದೆ ಹೋಗುತ್ತದೆ. ಶುಗರಿಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯಿಂದ ಅವರಿಗೆ ಆಗಾಗ ಭೇದಿ ಆಗುತ್ತಿದೆಯೇ ಎಂದೂ ಕೇಳಿ. ಎಷ್ಟೋ ತಾಯಂದಿರು ಇಂಥದ್ದನ್ನು ಮಕ್ಕಳ ಹತ್ತಿರವೂ ಹೇಳುವುದಿಲ್ಲ.

ಸೋರಿಕೆ ಕರುಳಿನದೋ ಮೂತ್ರಪಿಂಡದ್ದೋ ಎಂದು ತಿಳಿಯಲು ಮೂತ್ರದಲ್ಲಿ ಮೆಗ್ನೀಷಿಯಂ ಎಷ್ಟು ಹೋಗುತ್ತಿದೆ ಎಂದು ನೋಡಬಹುದು. ಮೂತ್ರಪಿಂಡ ಸರಿಯಿದ್ದು ಕೊರತೆ ಕರುಳಿನಿಂದ ಬಂದಿದ್ದರೆ ಮೂತ್ರದಲ್ಲಿ ಅದು ತೀರಾ ಕಡಿಮೆ ಇರುತ್ತದೆ, ದೇಹ ಹಿಡಿದಿಟ್ಟುಕೊಂಡಿರುತ್ತದೆ. ಮೂತ್ರದಲ್ಲಿ ಧಾರಾಳ ಹೋಗುತ್ತಿದ್ದರೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನೋ ಶುಗರನ್ನೋ ಅನುಮಾನಿಸಬೇಕು. ಇದನ್ನು ನಿಮ್ಮ ವೈದ್ಯರನ್ನು ಧೈರ್ಯವಾಗಿ ಕೇಳಿ.

ಈಗ ಮಾಡಬೇಕಾದ್ದು. ಬೆರಳು ಸೆಟೆದುಕೊಳ್ಳುವಷ್ಟು ಮುಂದುವರಿದಿರುವುದರಿಂದ ಇದು ಮನೆಯಲ್ಲಿ ಮಾತ್ರೆ ನುಂಗಿ ಕಾಯುವ ಹಂತವಲ್ಲ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಒಂದು ಇಸಿಜಿ ಮಾಡಿಸಿ. ಮೆಗ್ನೀಷಿಯಂ, ಪೊಟ್ಯಾಷಿಯಂ ಎರಡೂ ಇಳಿದಾಗ ಹೃದಯದ ಬಡಿತ ದಾರಿ ತಪ್ಪುವ ಅಪಾಯವಿದೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಮಾತ್ರೆ ನುಂಗುವವರಿಗೆ ಆ ಅಪಾಯ ಇನ್ನೂ ಹೆಚ್ಚು. ಎದೆ ಬಡಿದುಕೊಂಡರೆ, ಕಣ್ಣು ಕತ್ತಲೆ ಬಂದು ಬಿದ್ದರೆ, ಫಿಟ್ಸ್ ಬಂದರೆ ಒಂದು ಕ್ಷಣವೂ ಕಾಯಬೇಡಿ. ಇಂಥವರಿಗೆ ಮೆಗ್ನೀಷಿಯಂ ಸಲ್ಫೇಟ್ ಅನ್ನು ಡ್ರಿಪ್‌ನಲ್ಲಿ ನಿಧಾನವಾಗಿ ಕೊಡುತ್ತಾರೆ. ಅದಕ್ಕೆ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಿರಬೇಕು, ಮೂತ್ರಪಿಂಡ ಕೆಟ್ಟಿದ್ದರೆ ಡೋಸ್ ಬದಲಾಗುತ್ತದೆ. ಡ್ರಿಪ್‌ನಲ್ಲಿ ಕೊಟ್ಟದ್ದರಲ್ಲಿ ಅರ್ಧದಷ್ಟು ಮೂತ್ರದಲ್ಲೇ ಹೋಗಿಬಿಡುವುದರಿಂದ ಒಂದು ಸಲ ಕೊಟ್ಟು ಮುಗಿಯುವುದಿಲ್ಲ. ಮರುದಿನ ರಿಪೋರ್ಟ್ ಚೆನ್ನಾಗಿ ಬಂದರೂ ಮೂಳೆ, ಸ್ನಾಯುಗಳ ಖಜಾನೆ ತುಂಬಲು ಇನ್ನಷ್ಟು ದಿನ ಬೇಕು. ಮನೆಗೆ ಬಂದ ಮೇಲೂ ಮಾತ್ರೆ ಮುಂದುವರಿಸಿ, ಆಮೇಲೆ ಮತ್ತೆ ಪರೀಕ್ಷೆ ಮಾಡಿಸಬೇಕಾಗುತ್ತದೆ.

ಒಂದು ವಿಷಯದಲ್ಲಿ ನನ್ನ ಮಾತು ನಡೆಸಿಕೊಡಿ. ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ವೈದ್ಯರು ಅದನ್ನು ಬದಲಿಸುತ್ತಾರೆ. ಪೊಟ್ಯಾಷಿಯಂ, ಮೆಗ್ನೀಷಿಯಂ ಉಳಿಸುವ ಬಗೆಯ ಮಾತ್ರೆಗಳೂ ಇವೆ. ಗ್ಯಾಸ್ ಮಾತ್ರೆಯ ಬಗ್ಗೆ ಒಂದೇ ಪ್ರಶ್ನೆ ಕೇಳಿ: “ಇದನ್ನು ಯಾವ ಕಾಯಿಲೆಗೆ ಶುರು ಮಾಡಿದ್ದು, ಆ ಕಾಯಿಲೆ ಈಗಲೂ ಇದೆಯಾ?” ಹೊಟ್ಟೆಹುಣ್ಣಿನಿಂದ ರಕ್ತ ಹೋದವರು, ಹೃದಯಕ್ಕೆಂದು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡನ್ನೂ ನುಂಗುವವರು ಅದನ್ನು ಬಿಡುವ ಹಾಗಿಲ್ಲದಿರಬಹುದು. ಸುಮ್ಮನೆ ರೂಢಿಯಾಗಿದ್ದರೆ ಹಂತ ಹಂತವಾಗಿ ಇಳಿಸಬೇಕು. ಒಮ್ಮೆಗೇ ಬಿಟ್ಟರೆ ಕೆಲವು ದಿನ ಎದೆಯುರಿ ಮೊದಲಿಗಿಂತ ಜೋರಾಗಿ ಬರುತ್ತದೆ. ಜನ ಅದನ್ನು ನೋಡಿ ‘ಈ ಮಾತ್ರೆ ಇಲ್ಲದೆ ಆಗೋದೇ ಇಲ್ಲ’ ಎಂದು ತಿರುಗಿ ಶುರು ಮಾಡಿಬಿಡುತ್ತಾರೆ. ಆ ದಿನಗಳಿಗೆ ಫ್ಯಾಮೋಟಿಡೀನ್‌ನಂಥ ಬೇರೆ ಗುಂಪಿನ ಮಾತ್ರೆಯನ್ನು ವೈದ್ಯರು ಬರೆದುಕೊಡಬಹುದು. ರಾತ್ರಿ ಊಟವನ್ನು ಎಂಟರೊಳಗೆ ಮುಗಿಸಿ, ಊಟವಾದ ಕೂಡಲೇ ಮಲಗದಿರುವುದೂ ಬಹಳ ಸಹಾಯ.

ಪ್ರಶ್ನೆ: ಡಾಕ್ಟ್ರೇ, ನನಗೆ 29 ವರ್ಷ, ಸಾಫ್ಟ್‌ವೇರ್ ಕೆಲಸ. ನಿದ್ದೆ ಸರಿ ಬರ್ತಿಲ್ಲ, ಸದಾ ಟೆನ್ಷನ್. ರೀಲ್ಸ್ ನೋಡಿ ಮೆಗ್ನೀಷಿಯಂ ಗ್ಲೈಸಿನೇಟ್ ತರಿಸಿದ್ದೇನೆ. ಡಬ್ಬಿ ಮೇಲೆ 2000 ಮಿಲಿಗ್ರಾಂ ಅಂತಿದೆ. ರಕ್ತ ಪರೀಕ್ಷೆಯಲ್ಲಿ 2.0 ಬಂತು. ಆದರೆ ರಕ್ತ ಪರೀಕ್ಷೆ ನಂಬಬಾರದು ಅಂತಾರೆ. ಥೈರಾಯ್ಡ್ ಮಾತ್ರೆಯನ್ನೂ ನುಂಗುತ್ತೇನೆ. ಮುಂದುವರಿಸಲಾ?
ಓದುಗ, ಬೆಂಗಳೂರು

ಉತ್ತರ: ಡಬ್ಬಿಯ ಮುಂಬದಿ ಬಿಟ್ಟು ಹಿಂಬದಿಯ ಸಣ್ಣ ಅಕ್ಷರ ಓದಿ. 2000 ಎನ್ನುವುದು ಪೂರ್ತಿ ಸಂಯುಕ್ತದ ತೂಕ. ಗ್ಲೈಸಿನೇಟ್‌ನಲ್ಲಿ ಮೆಗ್ನೀಷಿಯಂ ಇರುವುದು ನೂರಕ್ಕೆ ಹೆಚ್ಚೆಂದರೆ 14 ಭಾಗ. ಅಂದರೆ ನಿಮ್ಮ ಹೊಟ್ಟೆಗೆ ಹೋಗುವುದು ಸುಮಾರು 280 ಮಿಲಿಗ್ರಾಂ. ಆಕ್ಸೈಡ್ ರೂಪದಲ್ಲಿ ನೂರಕ್ಕೆ 60 ಭಾಗ ಮೆಗ್ನೀಷಿಯಂ ಇದ್ದರೂ ಕರುಳು ಅದನ್ನು ಸರಿಯಾಗಿ ಹೀರುವುದಿಲ್ಲ, ಭೇದಿ ಮಾಡಿಸುವುದೇ ಹೆಚ್ಚು. ದೊಡ್ಡ ಅಂಕಿ ನೋಡಿ ಕೊಂಡರೆ ಹೀಗೆ ಮೋಸ ಹೋಗುತ್ತೀರಿ. ಮಾತ್ರೆ, ಪುಡಿಗಳ ರೂಪದಲ್ಲಿ ವಯಸ್ಕರು ದಿನಕ್ಕೆ 350 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು ಎಂದು ಅಮೆರಿಕದಲ್ಲಿ ಮಿತಿ ಹಾಕಿದ್ದಾರೆ. ಊಟದಲ್ಲಿ ಬರುವ ಮೆಗ್ನೀಷಿಯಂ ಆ ಲೆಕ್ಕಕ್ಕೆ ಸೇರುವುದಿಲ್ಲ.

ರಕ್ತ ಪರೀಕ್ಷೆಯ ವಿಚಾರದಲ್ಲಿ ನೀವು ಕೇಳಿದ್ದು ಅರ್ಧ ನಿಜ. ವಯಸ್ಕರ ದೇಹದಲ್ಲಿ ಸುಮಾರು 25 ಗ್ರಾಂ ಮೆಗ್ನೀಷಿಯಂ ಇದೆ. ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿ, ಉಳಿದದ್ದು ಬಹುಪಾಲು ಸ್ನಾಯು ಮತ್ತಿತರ ಅಂಗಗಳಲ್ಲಿ. ರಕ್ತದ ಸೀರಂನಲ್ಲಿ ಇರುವುದು ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆ. ಹಾಗಾಗಿ ಒಳಗೆ ಕೊರತೆ ಇದ್ದೂ ರಿಪೋರ್ಟ್ ಸರಿ ಇರಬಹುದು. ಆದರೆ ಇದನ್ನೇ ಹಿಡಿದು ‘ಯಾರ ರಿಪೋರ್ಟೂ ನಂಬಬೇಡಿ, ಎಲ್ಲರಿಗೂ ಕೊರತೆ’ ಎಂದು ಡಬ್ಬಿ ಮಾರುವುದು ನ್ಯಾಯವಲ್ಲ. ನಿಮಗೆ ಭೇದಿ ಇಲ್ಲ, ಕುಡಿತವಿಲ್ಲ, ಸೋರಿಸುವ ಔಷಧವಿಲ್ಲ ಎಂದಾದರೆ 2.0 ಬಂದಿರುವ 29ರ ತರುಣನಿಗೆ ಗಣನೀಯ ಕೊರತೆ ಇದೆ ಎನ್ನಲು ನನಗೆ ಕಾರಣ ಕಾಣುತ್ತಿಲ್ಲ.

ನಿದ್ದೆಗೆ ಮೆಗ್ನೀಷಿಯಂ ಕೊಟ್ಟು ನೋಡಿದ ಅಧ್ಯಯನಗಳು ಸಣ್ಣವು, ಸಿಕ್ಕ ಲಾಭವೂ ಅಲ್ಪ. ಮೈಗ್ರೇನ್ ತಲೆನೋವು ಆಗಾಗ ಬರುವವರ ವಿಷಯ ಬೇರೆ, ಅಲ್ಲಿ ಅದನ್ನು ತಡೆಗೆಂದು ಬಳಸಲು ತಕ್ಕಮಟ್ಟಿನ ಆಧಾರವಿದೆ. ನಿಮ್ಮ ನಿದ್ದೆಯ ಬಗ್ಗೆ ನಾನು ಕೇಳುವುದು ಬೇರೆ. ಥೈರಾಯ್ಡ್ ಡೋಸ್ ಹೆಚ್ಚಾಗಿದೆಯೇ? ಥೈರಾಯ್ಡ್‌ನ ರಕ್ತಪರೀಕ್ಷೆ ಟಿಎಸ್‌ಎಚ್ ಯಾವಾಗ ನೋಡಿಸಿದ್ದೀರಿ? ಡೋಸ್ ಮಿತಿಮೀರಿದರೆ ಎದೆ ಬಡಿತ, ಚಡಪಡಿಕೆ, ನಿದ್ದೆಗೇಡು ಎಲ್ಲವೂ ಬರುತ್ತವೆ. ಮೊದಲು ಅದನ್ನು ನೋಡಿಸಿ. ಇರುವ ಡಬ್ಬಿಯನ್ನು ಮುಗಿಸಲೇಬೇಕೆಂದರೆ ಥೈರಾಯ್ಡ್ ಮಾತ್ರೆಗೂ ಅದಕ್ಕೂ ಕನಿಷ್ಠ ನಾಲ್ಕು ಗಂಟೆ ಅಂತರವಿರಲಿ, ಒಟ್ಟಿಗೆ ಹೋದರೆ ಥೈರಾಯ್ಡ್ ಔಷಧ ಮೈಗೆ ಹತ್ತುವುದಿಲ್ಲ. ಸಿಪ್ರೋಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯೋಟಿಕ್ ನುಂಗುವ ದಿನಗಳಲ್ಲೂ ಹೀಗೆಯೇ ದೂರ ಇಡಬೇಕು.

ಪ್ರಶ್ನೆ: ನಿವೃತ್ತ ಮೇಷ್ಟ್ರು ನಾನು. ರಾತ್ರಿ ಮಲಗಿದಾಗ ಮೀನಖಂಡ ಹಿಡಿದುಕೊಂಡು ಪ್ರಾಣ ಹೋದಂತಾಗುತ್ತದೆ. ಮೆಗ್ನೀಷಿಯಂ ತಗೊಂಡರೆ ಹೋಗುತ್ತದೆಂದು ಎಲ್ಲರೂ ಹೇಳುತ್ತಾರೆ.
ಓದುಗ, ಧಾರವಾಡ

ಉತ್ತರ: ಸರ್, ಎಲ್ಲರೂ ಹೇಳುವ ಈ ಮಾತನ್ನು ಪರೀಕ್ಷೆಗೆ ಒಡ್ಡಿದ್ದಾರೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ ಕಾಕ್ರೇನ್ ವಿಮರ್ಶೆ 2020ರಲ್ಲಿ ಹೇಳಿದ್ದು ಇಷ್ಟು: ಹಿರಿಯರ ರಾತ್ರಿ ಸೆಳೆತಕ್ಕೆ ಮೆಗ್ನೀಷಿಯಂನಿಂದ ಗಮನಕ್ಕೆ ಬರುವಂಥ ಉಪಯೋಗ ಆಗುವ ಸಂಭವ ಕಡಿಮೆ. ಹೀಗಾಗಿ ಕೊರತೆ ಸಾಬೀತಾಗದೆ ನಾನು ಬರೆದುಕೊಡುವುದಿಲ್ಲ.

ಮಲಗುವ ಮುನ್ನ ಗೋಡೆಗೆ ಎರಡೂ ಅಂಗೈ ಊರಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲಕ್ಕೆ ಒತ್ತಿ ಮೀನಖಂಡವನ್ನು ಹಿಗ್ಗಿಸಿ. ಎರಡೂ ಕಾಲಿಗೆ ಕೆಲವು ಬಾರಿ, ದಿನ ತಪ್ಪದೆ. ಸೆಳೆತ ಬಂದಾಗ ಕಾಲ ಬೆರಳುಗಳನ್ನು ಕೈಯಿಂದ ನಿಮ್ಮ ಕಡೆಗೆ ಎಳೆದುಕೊಳ್ಳಿ, ಬಿಡುತ್ತದೆ. ನಡೆಯುವಾಗಲೂ ಅದೇ ಜಾಗ ಹಿಡಿದು ನಿಂತರೆ ಸರಿಯಾಗುತ್ತಿದ್ದರೆ, ಅದರಲ್ಲೂ ಬೀಡಿ ಸಿಗರೇಟಿನ ಅಭ್ಯಾಸ ಇದ್ದರೆ, ಕಾಲಿನ ರಕ್ತನಾಳ ಕಿರಿದಾಗಿರಬಹುದು. ಅದಕ್ಕೆ ತಡಮಾಡದೆ ತೋರಿಸಿ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ನಮ್ಮ ಮಣ್ಣಿನಲ್ಲಿ ಮೆಗ್ನೀಷಿಯಂ ಇಲ್ಲ ಅಂತ ಮಣ್ಣು ಪರೀಕ್ಷೆಯವರು ಹೇಳಿ ಮೆಗ್ನೀಷಿಯಂ ಸಲ್ಫೇಟ್ ಹಾಕಿಸಿದರು. ಗಿಡಕ್ಕೇ ಕೊರತೆ ಅಂದ ಮೇಲೆ ಇಲ್ಲಿ ಬೆಳೆದದ್ದು ತಿನ್ನುವ ನಮಗೂ ಕೊರತೆ ಇರಬೇಕಲ್ಲವೇ?
ಓದುಗ, ಶಿವಮೊಗ್ಗ ಜಿಲ್ಲೆ

ಉತ್ತರ: ಬಹಳ ಒಳ್ಳೆಯ ಪ್ರಶ್ನೆ, ಓದಿ ಸಂತೋಷವಾಯಿತು. ಎಲೆಯನ್ನು ಹಸಿರಾಗಿಸುವ ಪತ್ರಹರಿತ್ತಿನ ಪ್ರತಿ ಅಣುವಿನ ನಡುವೆ ಒಂದು ಮೆಗ್ನೀಷಿಯಂ ಇದೆ. ಮಳೆ ಜೋರಾದ ಕೆಂಪು ಜಂಬಿಟ್ಟಿಗೆ ಮಣ್ಣಿನಿಂದ ಅದು ತೊಳೆದುಹೋಗುತ್ತದೆ. ಗಿಡವು ಹಳೆ ಎಲೆಯಲ್ಲಿರುವುದನ್ನು ಎಳೆ ಎಲೆಗೆ ಸಾಗಿಸುವುದರಿಂದ ಹಳೆ ಗರಿಯೇ ಮೊದಲು ಹಳದಿಯಾಗುತ್ತದೆ. (ಶೃಂಗೇರಿ, ಕೊಪ್ಪದ ಕಡೆ ತೋಟಗಳನ್ನೇ ನುಂಗಿದ ಹಳದಿ ಎಲೆ ರೋಗ ಬೇರೆ, ಅದು ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯದ್ದು. ಗರಿ ಹಳದಿಯಾದ ಕೂಡಲೇ ಸಲ್ಫೇಟ್ ಸುರಿಯದೆ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ.)

ಆದರೆ ನಿಮ್ಮ ತಟ್ಟೆಯ ಲೆಕ್ಕದಲ್ಲಿ ದೊಡ್ಡ ನಷ್ಟ ಆಗುವುದು ಅಕ್ಕಿ ಗಿರಣಿಯಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ಸುಮಾರು 146 ಮಿಲಿಗ್ರಾಂ ಮೆಗ್ನೀಷಿಯಂ ಇದೆ, ಜೋಳದಲ್ಲಿ 130ರ ಮೇಲೆ. ತೌಡು ಉಳಿದ ಅಕ್ಕಿಯಲ್ಲಿ 90ರ ಆಚೀಚೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 20ರಷ್ಟೂ ಸರಿಯಾಗಿಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾಗುವುದು ಮುನ್ನೂರರಿಂದ ನಾನೂರು ಚಿಲ್ಲರೆ ಮಿಲಿಗ್ರಾಂ. ನೂರು ಗ್ರಾಂ ಹಿಟ್ಟಿನ ರಾಗಿ ಮುದ್ದೆ ಉಣ್ಣುವ ಮಂಡ್ಯದವರಿಗೆ, ಅಷ್ಟೇ ಹಿಟ್ಟಿನ ಜೋಳದ ರೊಟ್ಟಿ ಉಣ್ಣುವ ವಿಜಯಪುರದವರಿಗೆ ಒಂದು ಹೊತ್ತಿನಲ್ಲೇ ಸುಮಾರು ಮೂರನೇ ಒಂದು ಪಾಲು ಸಿಕ್ಕಿಬಿಡುತ್ತದೆ. ಮೂರು ಹೊತ್ತೂ ಬಿಳಿ ಅನ್ನ ಉಂಡರೆ ಮಾತ್ರ ಕಷ್ಟ.

ನಿಮ್ಮ ಕಡೆಯ ಅಡುಗೆಯಲ್ಲೇ ಉಪಾಯವಿದೆ. ವಾರದಲ್ಲಿ ಕೆಲವು ದಿನ ಕೆಂಪು ಕುಚಲಕ್ಕಿ ಮಾಡಿ. ಹರಿವೆ, ಬಸಳೆ ಹಿತ್ತಲಲ್ಲೇ ಇರುತ್ತವೆ. ತಂಬುಳಿಗೆ ಎಳ್ಳು ಅರೆಯಿರಿ. ಸಿಹಿಗುಂಬಳ ಹೆಚ್ಚಿದಾಗ ಬೀಜ ಎಸೆಯಬೇಡಿ, ಒಣಗಿಸಿ ಸಿಪ್ಪೆ ಸುಲಿದು ಹುರಿದಿಟ್ಟುಕೊಳ್ಳಿ, ಸುಮಾರು 30 ಗ್ರಾಂನಲ್ಲಿ 150 ಮಿಲಿಗ್ರಾಂ ಇರುತ್ತದೆ. ಒಂದು ಹಿಡಿ ಕಡಲೆಕಾಯಿ ಬೀಜ 50 ಕೊಡುತ್ತದೆ. ಉತ್ತರ ಕರ್ನಾಟಕದವರ ಊಟದಲ್ಲಿ ಗುರೆಳ್ಳು ಪುಡಿ, ಶೇಂಗಾ ಪುಡಿ ಹೇಗೂ ಇದೆ, ಅದನ್ನು ಬಿಡದಿದ್ದರೆ ಸಾಕು.

ಸೊಪ್ಪು, ಕಾಳು ಬೇಯಿಸಿದಾಗ ಮೆಗ್ನೀಷಿಯಂನ ಒಂದು ಪಾಲು ನೀರಿಗೆ ಇಳಿಯುತ್ತದೆ. ಆ ನೀರು ಚೆಲ್ಲಿದರೆ ಅದೂ ಹೋಯಿತು. ಹಳೇ ಮೈಸೂರು ಕಡೆ ಬಸ್ಸಾರು, ಉಪ್ಪುಸಾರು ಮಾಡುವವರು ಬಸಿದ ಕಟ್ಟನ್ನೇ ಸಾರು ಮಾಡಿ, ಬೆಂದ ಸೊಪ್ಪು ಕಾಳನ್ನು ಪಲ್ಯ ಮಾಡುತ್ತಾರೆ, ಏನೂ ವ್ಯರ್ಥವಾಗುವುದಿಲ್ಲ. ನನಗೆ ಇದು ನಮ್ಮ ಅಡುಗೆಗಳಲ್ಲೇ ಅತಿ ವಿವೇಕದ ಅಡುಗೆ ಅನ್ನಿಸುತ್ತದೆ, ಮಲೆನಾಡಿನವರೂ ಕಲಿಯಬೇಕು. ರಾಗಿ, ಕಾಳುಗಳಲ್ಲಿರುವ ಫೈಟೇಟ್ ಎಂಬ ಅಂಶ ಮೆಗ್ನೀಷಿಯಂ ಹೀರುವುದನ್ನು ಸ್ವಲ್ಪ ತಡೆಯುತ್ತದೆ. ನೆನೆಸಿ ಮೊಳಕೆ ಕಟ್ಟಿದರೆ ಆ ತಡೆ ಕಡಿಮೆಯಾಗುತ್ತದೆ.

ಪ್ರಶ್ನೆ: ನಮ್ಮ ಬೋರ್‌ವೆಲ್ ನೀರು ಗಡಸು. ಈಗ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ. ಆರ್‌ಒ ನೀರು ಕುಡಿದರೆ ಮೆಗ್ನೀಷಿಯಂ ಹೋಗಿಬಿಡುತ್ತದಾ?
ಓದುಗಿ, ಕೋಲಾರ ಜಿಲ್ಲೆ

ಉತ್ತರ: ನೀರನ್ನು ಗಡಸಾಗಿಸುವುದೇ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ. ಆರ್‌ಒ ಎರಡನ್ನೂ ಬಹುಪಾಲು ತೆಗೆದುಬಿಡುತ್ತದೆ. ಭಾರತೀಯ ಮಾನಕ ಬ್ಯೂರೋ 2012ರ ಮಾನದಂಡದಲ್ಲಿ ಕುಡಿಯುವ ನೀರಿಗೆ ಲೀಟರಿಗೆ 30 ಮಿಲಿಗ್ರಾಂ ಮೆಗ್ನೀಷಿಯಂ ಒಪ್ಪಿತ, ಬೇರೆ ನೀರಿಲ್ಲದಾಗ 100ರವರೆಗೆ ನಡೆಯುತ್ತದೆ. 30 ಇರುವ ನೀರನ್ನು ಎರಡು ಲೀಟರ್ ಕುಡಿದರೆ 60 ಮಿಲಿಗ್ರಾಂ ಸಿಗುತ್ತಿತ್ತು, ಅದು ತಪ್ಪುತ್ತದೆ. ಆದರೆ ನಿಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ, ಅದು ಹಲ್ಲು ಮೂಳೆ ಕೆಡಿಸುತ್ತದೆ. ಹೆದರಿ ಆರ್‌ಒ ಬಿಡಬೇಡಿ. ಆ 60 ಮಿಲಿಗ್ರಾಂ ಅರ್ಧ ಮುದ್ದೆಯಲ್ಲಿ ಬಂದುಬಿಡುತ್ತದೆ.

ಪ್ರಶ್ನೆ: ನಮ್ಮ ನಾದಿನಿಗೆ ಎಂಟು ತಿಂಗಳಲ್ಲಿ ಬಿಪಿ ಏರಿ ತಲೆನೋವು, ಕಣ್ಣು ಮಂಜು. ತಾಲ್ಲೂಕು ಆಸ್ಪತ್ರೆಯಲ್ಲಿ ಮೆಗ್ನೀಷಿಯಂ ಇಂಜೆಕ್ಷನ್ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸಿದರು. ತಾಯಿ ಮಗು ಚೆನ್ನಾಗಿದ್ದಾರೆ. ಅವಳಿಗೆ ಮೆಗ್ನೀಷಿಯಂ ಕೊರತೆ ಇತ್ತಾ? ಈಗ ಮಾತ್ರೆ ಕೊಡಬೇಕಾ?
ಓದುಗಿ, ಹಾವೇರಿ ಜಿಲ್ಲೆ

ಉತ್ತರ: ಕೊರತೆಗೆ ಕೊಟ್ಟದ್ದಲ್ಲ, ಮಾತ್ರೆ ಬೇಡ. ಗರ್ಭಿಣಿಗೆ ಬಿಪಿ ಏರಿ ಫಿಟ್ಸ್ ಬರುವುದನ್ನು ತಡೆಯಲು ಮೆಗ್ನೀಷಿಯಂ ಸಲ್ಫೇಟ್‌ಗಿಂತ ಒಳ್ಳೆಯ ಔಷಧ ಇನ್ನೂ ಬಂದಿಲ್ಲ. 33 ದೇಶಗಳ ಸುಮಾರು ಹತ್ತು ಸಾವಿರ ಗರ್ಭಿಣಿಯರ ಮೇಲೆ ನಡೆದ ‘ಮ್ಯಾಗ್‌ಪೈ’ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಫಿಟ್ಸ್ ಬರುವ ಅಪಾಯ ಅರ್ಧಕ್ಕಿಂತ ಕೆಳಗಿಳಿದಿತ್ತು. ಇದು ಅಗ್ಗದ ಔಷಧ, ಸಣ್ಣ ಆಸ್ಪತ್ರೆಯಲ್ಲೂ ಇಟ್ಟುಕೊಳ್ಳಬಹುದು. ತಾಲ್ಲೂಕಿನವರು ಮೊದಲ ಡೋಸ್ ಕೊಟ್ಟೇ ಕಳಿಸಿದ್ದು ಅವಳ ಪುಣ್ಯ. ಕೊಡುವಾಗ ಮಂಡಿಗೆ ತಟ್ಟಿ ನೋಡುವುದು, ಉಸಿರು ಎಣಿಸುವುದು, ಮೂತ್ರ ಅಳೆಯುವುದು ಮೆಗ್ನೀಷಿಯಂ ಮಿತಿಮೀರದಂತೆ ಕಾಯಲು. ಈಗ ಅವಳಿಗೆ ಬೇಕಾದದ್ದು ಬಿಪಿ ನೋಡಿಸುತ್ತಿರುವುದು. ಮುಂದಿನ ಬಸಿರಿನಲ್ಲಿ ಮೊದಲ ತಿಂಗಳುಗಳಲ್ಲೇ ವೈದ್ಯರಿಗೆ ಈ ಸಂಗತಿ ತಿಳಿಸಬೇಕು.

ಪ್ರಶ್ನೆ: ನನ್ನ ಗಂಡ ದಿನವೂ ಕುಡಿಯುತ್ತಾರೆ, ಊಟ ಇಲ್ಲ. ಕೈ ನಡುಕ. ಹೋದ ತಿಂಗಳು ಫಿಟ್ಸ್ ಬಂದು ಅಡ್ಮಿಟ್ ಮಾಡಿದಾಗ ಮೆಗ್ನೀಷಿಯಂ ಕಮ್ಮಿ ಎಂದರು. ಕುಡಿತ ಬಿಡಿಸಿ ಮನೆಯಲ್ಲೇ ಒಳ್ಳೆ ಊಟ ಹಾಕಿದರೆ ಸರಿಹೋಗುತ್ತಾರಾ?
ಹೆಸರು ಬೇಡ

ಉತ್ತರ: ತಾಯಿ, ನೀವು ಒಬ್ಬರೇ ಇದನ್ನು ಹೊರುತ್ತಿದ್ದೀರಿ ಎಂದು ಪತ್ರದಿಂದ ತಿಳಿಯುತ್ತದೆ. ಮದ್ಯ ಮೂತ್ರಪಿಂಡದಿಂದ ಮೆಗ್ನೀಷಿಯಂ ಹೊರಹಾಕಿಸುತ್ತದೆ. ಊಟವಿಲ್ಲದೆ ಒಳಬರುವುದೂ ನಿಲ್ಲುತ್ತದೆ. ವಾಂತಿ, ಭೇದಿ ಸೇರಿದರೆ ಇನ್ನಷ್ಟು. ಮಿದುಳನ್ನು ಕಾಪಾಡಲು ಇಂಥವರಿಗೆ ಕೊಡುವ ಬಿ1 ಜೀವಸತ್ವ ಕೆಲಸ ಮಾಡಲೂ ಮೆಗ್ನೀಷಿಯಂ ಬೇಕು, ಅದಕ್ಕೇ ಎರಡನ್ನೂ ಜೊತೆಗೆ ಕೊಡುತ್ತಾರೆ.

ದಯವಿಟ್ಟು ಮನೆಯಲ್ಲಿ ಒಮ್ಮೆಗೇ ಕುಡಿತ ನಿಲ್ಲಿಸಬೇಡಿ. ದಿನವೂ ಕುಡಿಯುವವರು ಥಟ್ಟನೆ ಬಿಟ್ಟರೆ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ಬುದ್ಧಿಭ್ರಮೆಯೂ ಆಗಬಹುದು. ಅವರಿಗೆ ಒಮ್ಮೆ ಫಿಟ್ಸ್ ಬಂದೂ ಇದೆ. ಬಹಳ ದಿನ ಉಪವಾಸವಿದ್ದವರಿಗೆ ಒಮ್ಮೆಗೇ ಹೊಟ್ಟೆ ತುಂಬ ಉಣಿಸಿದರೂ ರಕ್ತದ ಲವಣಗಳು ಕುಸಿಯುತ್ತವೆ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ದಾಖಲು ಮಾಡಿಯೇ ಬಿಡಿಸಿ. ಇದು ಕಾಯಿಲೆ, ಚಿಕಿತ್ಸೆ ಇದೆ. ನೀವು ಯಾರಿಗೂ ತಲೆ ತಗ್ಗಿಸಬೇಕಾಗಿಲ್ಲ.

ಪ್ರಶ್ನೆ: ಅಪ್ಪನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಮಲಬದ್ಧತೆಗೆ ಮೆಡಿಕಲ್ ಶಾಪಿನವರು ಬಿಳಿ ಸಿರಪ್ ಕೊಟ್ಟಿದ್ದಾರೆ, ದಿನಾ ರಾತ್ರಿ ಕುಡಿಯುತ್ತಾರೆ. ಈಗೀಗ ತುಂಬ ಮಂಪರು. ಅವರಿಗೂ ಮೆಗ್ನೀಷಿಯಂ ಕೊರತೆ ಇರಬಹುದಾ?
ಓದುಗ, ತುಮಕೂರು

ಉತ್ತರ: ನಿಮ್ಮ ಪತ್ರ ತಲುಪಿದ ದಿನವೇ ನಿಮಗೆ ಪ್ರತ್ಯೇಕವಾಗಿ ಉತ್ತರಿಸಿದ್ದೇನೆ. ಬೇರೆ ಮನೆಗಳಲ್ಲೂ ಹೀಗೆ ನಡೆಯುತ್ತಿರಬಹುದೆಂದು ಇಲ್ಲಿ ಅಚ್ಚು ಮಾಡುತ್ತಿದ್ದೇನೆ. ಇಲ್ಲಿ ಹೆದರಬೇಕಾದದ್ದು ಕೊರತೆಗಲ್ಲ, ಹೆಚ್ಚಾಗುವುದಕ್ಕೆ. ಮಲಬದ್ಧತೆಯ ಆ ಬಗೆಯ ಬಿಳಿ ಸಿರಪ್‌ಗಳಲ್ಲಿ, ಗ್ಯಾಸಿಗೆ ಕುಡಿಯುವ ಅನೇಕ ಜೆಲ್‌ಗಳಲ್ಲಿ ಮೆಗ್ನೀಷಿಯಂ ಹೈಡ್ರಾಕ್ಸೈಡ್ ಇರುತ್ತದೆ. ಒಳ್ಳೆಯ ಮೂತ್ರಪಿಂಡ ಹೆಚ್ಚಾದದ್ದನ್ನು ಹೊರಹಾಕುತ್ತದೆ, ಕೆಟ್ಟ ಮೂತ್ರಪಿಂಡಕ್ಕೆ ಅದು ಸಾಧ್ಯವಿಲ್ಲ. ಮೆಗ್ನೀಷಿಯಂ ಏರಿದರೆ ಮಂಪರು, ಸ್ನಾಯು ಸೋಲುವುದು, ಬಿಪಿ ಇಳಿಯುವುದು, ಕೊನೆಗೆ ಉಸಿರಿಗೂ ಹೃದಯದ ಬಡಿತಕ್ಕೂ ಕುತ್ತು. ಸಿರಪ್ ಕೂಡಲೇ ನಿಲ್ಲಿಸಬೇಕು. ಮಂಪರು ಬಂದಿದೆ ಎಂದರೆ ಮುಂದಿನ ಡಯಾಲಿಸಿಸ್ ದಿನದವರೆಗೆ ಕಾಯದೆ ಆಗಲೇ ಕರೆದೊಯ್ದು ಮೆಗ್ನೀಷಿಯಂ, ಪೊಟ್ಯಾಷಿಯಂ, ಇಸಿಜಿ ನೋಡಿಸಬೇಕು. ಮಲಬದ್ಧತೆಗೆ ಲ್ಯಾಕ್ಟುಲೋಸ್‌ನಂಥ ಬೇರೆ ಔಷಧಗಳನ್ನು ಮೂತ್ರಪಿಂಡದ ವೈದ್ಯರೇ ಬರೆದುಕೊಡುತ್ತಾರೆ. ಹೋಗುವಾಗ ಆ ಸಿರಪ್ ಬಾಟಲಿಯನ್ನೂ, ಅವರು ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ವೈದ್ಯರ ಮೇಜಿನ ಮೇಲೆ ಸುರಿದು ಒಂದೊಂದನ್ನೇ ತೋರಿಸಿ.